ಮೊದಲು ಮಕ್ಕಳ ಊಟ

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಇವತ್ತು ರಾತ್ರಿ ನಿಮ್ಮ ಮನೆಗೆ ಹೇಳದೆ ಕೇಳದೆ ನಾಲ್ಕು ಜನ ನೆಂಟರು ಬಂದರು ಎಂದುಕೊಳ್ಳಿ. ಅಡುಗೆಮನೆಯಲ್ಲಿ ಏನಾಗುತ್ತದೆ? ಸಾರಿಗೆ ಒಂದು ಚೊಂಬು ನೀರು ಹೆಚ್ಚಾಗುತ್ತದೆ. ಎಸರಿಗೆ ಇನ್ನೊಂದಿಷ್ಟು ಹಿಟ್ಟು ಬೀಳುತ್ತದೆ. ಹೇಗೋ ನಡೆದುಹೋಗುತ್ತದೆ. ಆ ನಾಲ್ಕು ಜನ 40 ಆದರೆ ಅಕ್ಕಪಕ್ಕದ ಮನೆಗಳಿಂದ ಪಾತ್ರೆ ಕೇಳಿ ತರಬೇಕು. 400 ಆದರೆ ಅದು ಮದುವೆ ಮನೆ. ಚಪ್ಪರ ಬೇಕು, ಅಡುಗೆಯವರು ಬೇಕು, ತಿಂಗಳುಗಟ್ಟಲೆ ಮುಂಚೆಯೇ ಓಡಾಟ ಬೇಕು. ಇನ್ನು 10 ಸಾವಿರ ಆದರೆ? ಅದೂ ಒಂದು ದಿನಕ್ಕಲ್ಲ. ದಿನಾ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ.

ತುಮಕೂರಿನ ಸಿದ್ಧಗಂಗಾ ಮಠದಲ್ಲಿ ನಡೆಯುತ್ತಿರುವುದು ಇದೇ. ಅಲ್ಲಿ ಉಳಿದು ಓದುವ ಮಕ್ಕಳ ಸಂಖ್ಯೆ ಹೆಚ್ಚುಕಡಿಮೆ 10 ಸಾವಿರ. ಅವರಿಂದ ಊಟಕ್ಕೆ ಹಣ ಪಡೆಯುವುದಿಲ್ಲ. ಇರುವುದಕ್ಕೂ ಪಡೆಯುವುದಿಲ್ಲ. ಯಾವ ಜಾತಿ, ಯಾವ ಧರ್ಮ ಎಂಬುದು ಪಂಕ್ತಿಯಲ್ಲಿ ಕೂರಲು ಅಡ್ಡಿಯಾಗುವುದಿಲ್ಲ. ಇಂದಿನ ಈ ಮಾತು ಆ ಪಂಕ್ತಿಯನ್ನು ಕುರಿತದ್ದು.

ಮೊದಲು ಜಾಗದ ಪರಿಚಯ. ಬೆಂಗಳೂರಿನಿಂದ ತುಮಕೂರಿನ ಕಡೆ ಸುಮಾರು 65 ಕಿಲೋಮೀಟರು ಬಂದರೆ ಕ್ಯಾತ್ಸಂದ್ರ ಸಿಗುತ್ತದೆ. ತಟ್ಟೆ ಇಡ್ಲಿಗೆ ಹೆಸರಾದ ಊರು. ಬಸ್ಸಿನಲ್ಲಿ ಹೋಗುವವರು ಇಲ್ಲಿ ಇಳಿದು ಇಡ್ಲಿ ತಿಂದು ಮುಂದಕ್ಕೆ ಹೋಗುತ್ತಾರೆ. ಹೆದ್ದಾರಿಯಿಂದ ಪಕ್ಕಕ್ಕೆ ತಿರುಗಿದರೆ ಸ್ವಲ್ಪ ದೂರದಲ್ಲೇ ಬಂಡೆಗಳ ಬೆಟ್ಟ. ಬೆಟ್ಟದ ಬುಡದಲ್ಲಿ ಮಠ. ಮೇಲೆ ದೇವಸ್ಥಾನ, ಹತ್ತಲು ಮೆಟ್ಟಿಲು. 15ನೇ ಶತಮಾನದಲ್ಲಿ ಗೋಸಲ ಸಿದ್ಧೇಶ್ವರರು 101 ವಿರಕ್ತರೊಂದಿಗೆ ಇಲ್ಲಿ ನೆಲೆಸಿದರು ಎನ್ನುತ್ತದೆ ಮಠದ ಪರಂಪರೆ. ಬಾಯಾರಿದ ವಿರಕ್ತರೊಬ್ಬರಿಗಾಗಿ ಸಿದ್ಧೇಶ್ವರರು ಬಂಡೆಯಿಂದ ನೀರು ಚಿಮ್ಮಿಸಿದರು, ಆ ಗಂಗೆಯಿಂದಲೇ ಸಿದ್ಧಗಂಗೆ ಎಂಬ ಹೆಸರು ಬಂತು ಎಂಬುದು ಐತಿಹ್ಯ. ಹೆಸರು ಹುಟ್ಟಿದ ಕತೆಯಲ್ಲೇ ಒಬ್ಬರ ಬಾಯಾರಿಕೆ ಇದೆ ಎಂಬುದನ್ನು ನೆನಪಿಟ್ಟುಕೊಳ್ಳೋಣ. ಮುಂದಿನದೆಲ್ಲ ಅದರ ಮುಂದುವರಿಕೆ.

ಜಾಗ ತಿಳಿಯಿತು. ಇನ್ನು ಒಲೆಯ ವಿಷಯ.

ಇಲ್ಲಿ ಅನ್ನದಾಸೋಹದ ಒಲೆ ಹಚ್ಚಿದವರು ಅಟವೀ ಸ್ವಾಮಿಗಳು. 19ನೇ ಶತಮಾನದ ಕೊನೆಯ ಭಾಗದ ಮಾತು. ಅಂದು ಹೊತ್ತಿದ ಒಲೆ ಇಂದಿಗೂ ಆರಿಲ್ಲ ಎಂದು ಭಕ್ತರು ಹೇಳುತ್ತಾರೆ. ಅವರ ನಂತರ ಬಂದ ಉದ್ದಾನ ಶಿವಯೋಗಿಗಳು 1917ರಲ್ಲಿ ಸಂಸ್ಕೃತ ಪಾಠಶಾಲೆ ತೆರೆದರು. ಈ ಕ್ರಮವನ್ನು ಗಮನಿಸಬೇಕು. ಮೊದಲು ಒಲೆ, ಆಮೇಲೆ ಪಾಠಶಾಲೆ. ಹಸಿದು ಬಂದವರಿಗೆ ಊಟ ಹಾಕುತ್ತಿದ್ದ ಮನೆಯೊಳಗೆ ಶಾಲೆ ಹುಟ್ಟಿತು. ನಮ್ಮಲ್ಲಿ ಎಷ್ಟೋ ಕಡೆ ಶಾಲೆ ಕಟ್ಟಿ, ಮಕ್ಕಳು ಬರಲಿಲ್ಲ ಎಂದು ಆಮೇಲೆ ಊಟದ ಯೋಚನೆ ಮಾಡಿದ್ದೇವೆ. ಸಿದ್ಧಗಂಗೆಯಲ್ಲಿ ಅದು ತಿರುಗುಮುರುಗಾಗಿ ನಡೆಯಿತು. ಅದರ ಬಲ ಇರುವುದೂ ಅಲ್ಲೇ.

ಆ ಒಲೆಯ ಮುಂದೆ ಉಂಡು ಬೆಳೆದ ಒಬ್ಬ ಹುಡುಗನ ಕತೆ ಈಗ.

ಮಾಗಡಿ ತಾಲ್ಲೂಕಿನ ವೀರಾಪುರ. 1907ರ ಏಪ್ರಿಲ್ 1ರಂದು ಅಲ್ಲಿ ಒಂದು ಗಂಡುಮಗು ಹುಟ್ಟಿತು. ತಂದೆ ಹೊನ್ನೇಗೌಡರು, ತಾಯಿ ಗಂಗಮ್ಮ. ದೊಡ್ಡ ಸಂಸಾರ, 13 ಮಕ್ಕಳು. ಅವರಲ್ಲಿ ಕೊನೆಯವನು ಶಿವಣ್ಣ. ಹುಡುಗ ಎಂಟು ವರ್ಷದವನಿದ್ದಾಗಲೇ ತಾಯಿ ತೀರಿಕೊಂಡರು. ನಾಗವಲ್ಲಿಯಲ್ಲಿದ್ದ ಅಕ್ಕನ ಮನೆ ಅವನಿಗೆ ಆಸರೆಯಾಯಿತು. ಮುಂದೆ ಹೈಸ್ಕೂಲಿಗೆ ತುಮಕೂರಿಗೆ ಬಂದ. ಊರಿಗೆ ಪ್ಲೇಗು ಬಿತ್ತು. ಆ ಕಾಲದಲ್ಲಿ ಪ್ಲೇಗು ಎಂದರೆ ಜನ ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಕಟ್ಟಿಕೊಂಡು ಇರುತ್ತಿದ್ದರು. ಓದಲು ಬಂದ ಹುಡುಗ ಎಲ್ಲಿಗೆ ಹೋಗಬೇಕು? ಶಿವಣ್ಣ ಸಿದ್ಧಗಂಗಾ ಮಠಕ್ಕೆ ಬಂದ. ಮಠ ಅವನಿಗೆ ಊಟ ಕೊಟ್ಟಿತು, ಮಲಗಲು ಜಾಗ ಕೊಟ್ಟಿತು. 1926ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿದ.

1930ರ ಜನವರಿ. ಮಠದ ಉತ್ತರಾಧಿಕಾರಿ ಎಂದು ನಿಶ್ಚಯವಾಗಿದ್ದ ಮರುಳಾರಾಧ್ಯರು ತೀರಿಕೊಂಡರು. ಅಂತ್ಯಕ್ರಿಯೆಗೆಂದು ಬೆಂಗಳೂರಿನಿಂದ ಬಂದ ವಿದ್ಯಾರ್ಥಿ ಶಿವಣ್ಣನನ್ನೇ ಉದ್ದಾನ ಶಿವಯೋಗಿಗಳು ಮುಂದಿನ ಉತ್ತರಾಧಿಕಾರಿ ಎಂದು ಆರಿಸಿದರು. ಪದವಿ ಮುಗಿಯಲಿಲ್ಲ. ಮಾರ್ಚ್ 3ರಂದು ದೀಕ್ಷೆ ಆಯಿತು. ಶಿವಣ್ಣ, ಶಿವಕುಮಾರ ಸ್ವಾಮಿಗಳಾದರು. ಭಕ್ತರ ಬಾಯಲ್ಲಿ ‘ಬುದ್ಧಿಯವರು’ ಆದರು. 1941ರಲ್ಲಿ ಉದ್ದಾನ ಶಿವಯೋಗಿಗಳು ಲಿಂಗೈಕ್ಯರಾದ ಮೇಲೆ ಮಠದ ಪೂರ್ತಿ ಹೊಣೆ ಅವರ ಹೆಗಲಿಗೆ ಬಂತು.

ತಾಯಿಯಿಲ್ಲದ ಹುಡುಗ ಒಂದು ಮಠದ ಅನ್ನ ಉಂಡ. ಮುಂದೆ ಆ ಮಠದ ಹೊಣೆ ಅವನ ಕೈಗೇ ಬಂತು. ಇದು ಇಲ್ಲಿಯವರೆಗಿನ ಕತೆ. ಇನ್ನು ಮುಂದಿನ ಪ್ರಶ್ನೆ ಬಹಳ ಸರಳವಾದದ್ದು, ಬಹಳ ಕಷ್ಟದ್ದು ಕೂಡ. ಅಷ್ಟು ಮಕ್ಕಳಿಗೆ ರಾಗಿ ಎಲ್ಲಿಂದ ಬರುತ್ತದೆ?

ಆರಂಭದ ವರ್ಷಗಳಲ್ಲಿ ಅದು ಬಂದದ್ದು ಜೋಳಿಗೆಯಿಂದ. ಸ್ವಾಮಿಗಳು ಹಳ್ಳಿ ಹಳ್ಳಿ ತಿರುಗಿದರು. ಕಾಲ್ನಡಿಗೆ, ಎತ್ತಿನ ಗಾಡಿ. ಸುಗ್ಗಿ ಮುಗಿಯುವ ಹೊತ್ತಿಗೆ ಕಣದ ಬಳಿ ಹೋಗುವುದು, ರೈತ ಕೊಟ್ಟದ್ದನ್ನು ತರುವುದು. ಒಬ್ಬರು ಒಂದು ಮೊರ ರಾಗಿ ಕೊಟ್ಟರು. ಇನ್ನೊಬ್ಬರು ಒಂದು ಮೂಟೆ ಕೊಟ್ಟರು. ಒಬ್ಬರು ಹುಣಸೆಹಣ್ಣು, ಒಬ್ಬರು ಬೆಲ್ಲ, ಒಬ್ಬರು ತೆಂಗಿನಕಾಯಿ. ತುಮಕೂರು ಸೀಮೆ ತೆಂಗಿನ ಸೀಮೆ, ರಾಗಿಯ ಸೀಮೆ. ಮಠದ ಅಡುಗೆಯೂ ಆ ನೆಲದ್ದೇ. ಮುದ್ದೆ, ಸಾರು, ಅನ್ನ, ಮಜ್ಜಿಗೆ.

ಒಂದು ಹೊತ್ತಿನ ಮುದ್ದೆಯ ಲೆಕ್ಕ ಹಾಕಿ ನೋಡೋಣ. ಇದು ಮಠದ ಲೆಕ್ಕದ ಪುಸ್ತಕದಿಂದ ತೆಗೆದದ್ದಲ್ಲ, ನಾವು ನೀವು ಬೆರಳು ಮಡಿಸಿ ಹಾಕುವ ಲೆಕ್ಕ. ಒಂದು ಮಗುವಿಗೆ ಒಂದೇ ಮುದ್ದೆ, ಅದಕ್ಕೆ 150 ಗ್ರಾಂ ಹಿಟ್ಟು ಎಂದು ಹಿಡಿಯಿರಿ. 10 ಸಾವಿರ ಮಕ್ಕಳಿಗೆ 15 ಕ್ವಿಂಟಾಲ್ ಆಯಿತು. ಮಳೆಯನ್ನೇ ನಂಬಿದ ಹೊಲದಲ್ಲಿ ಎಕರೆಗೆ ಐದಾರು ಕ್ವಿಂಟಾಲ್ ರಾಗಿ ಬಂದರೆ ಒಳ್ಳೆಯ ಬೆಳೆಯೇ. ಅಂದರೆ ಒಂದೇ ಹೊತ್ತಿನ ಮುದ್ದೆಗೆ ಎರಡೂವರೆ, ಮೂರು ಎಕರೆಯ ಫಸಲು. ಜೂನ್, ಜುಲೈನಲ್ಲಿ ಬಿತ್ತಿ, ಕುಂಟೆ ಹೊಡೆದು, ಕಳೆ ಕಿತ್ತು, ಮಳೆಗಾಗಿ ಮುಗಿಲು ನೋಡಿ, ಕಾರ್ತೀಕದ ಚಳಿಯಲ್ಲಿ ಕೊಯ್ದು, ಮೆದೆ ಒಟ್ಟಿ, ಒಕ್ಕಿ, ತೂರಿ ತಂದ ರಾಗಿ. ಒಂದು ಸಂಸಾರದ ವರ್ಷದ ದುಡಿಮೆ ಮಕ್ಕಳ ಒಂದು ಹೊತ್ತಿನ ಊಟಕ್ಕೆ ಸರಿಹೋಯಿತು. ಮರುದಿನಕ್ಕೆ ಇನ್ನೊಬ್ಬ ರೈತನ ಹೊಲ ಬೇಕು. ಅದರ ಮರುದಿನಕ್ಕೆ ಮತ್ತೊಬ್ಬನದು.

ಇಂದು ಮಠಕ್ಕೆ ಹಣವಂತರ ಕಾಣಿಕೆಯೂ ಬರುತ್ತದೆ. ಇಂಥ ಸಂಸ್ಥೆಗಳಿಗೆ ಸರ್ಕಾರ ಕೊಡುವ ಧಾನ್ಯದ ನೆರವೂ ಸೇರುತ್ತದೆ. ಆದರೆ ಹಳ್ಳಿಯ ರೈತ ತನ್ನ ಪಾಲು ಎಂದು ಮೀಸಲಿಟ್ಟು ತಂದು ಸುರಿಯುವ ಮೂಟೆಗೆ ಬೇರೆಯೇ ತೂಕವಿದೆ. ಅವನ ಮಗ ಅಲ್ಲಿ ಓದುತ್ತಿರಬಹುದು. ತಮ್ಮ ಓದಿರಬಹುದು. ಯಾರೂ ಓದಿರದೆಯೂ ಇರಬಹುದು. ಪ್ರತಿ ವರ್ಷ ಶಿವರಾತ್ರಿಯ ಹೊತ್ತಿಗೆ ಮಠದ ಜಾತ್ರೆ ನಡೆಯುತ್ತದೆ. ದನಗಳ ಪರಿಷೆ ಕಟ್ಟುತ್ತದೆ. ಕೊಂಬಿಗೆ ಬಣ್ಣ ಬಳಿದ ಎತ್ತುಗಳು, ಗೆಜ್ಜೆಯ ಸದ್ದು, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವ ದಲ್ಲಾಳಿಗಳು. ಜೊತೆಗೆ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನ. ರೈತ ಅಲ್ಲಿಗೆ ಬರೀ ಕೈಮುಗಿಯಲು ಹೋಗುವುದಿಲ್ಲ. ಹೊಸ ಬಿತ್ತನೆ ಬೀಜ ನೋಡಲು ಹೋಗುತ್ತಾನೆ, ಜೋಡಿ ಎತ್ತು ಕೊಳ್ಳಲು ಹೋಗುತ್ತಾನೆ. ಹೊಲಕ್ಕೂ ಮಠಕ್ಕೂ ನಡುವೆ ದಾರಿ ಎರಡೂ ಕಡೆಗೆ ಸವೆದಿದೆ.

ರಾಗಿ ಹೊಲದಿಂದ ಬಂತು. ಹೊಲ ರೈತನದು. ಇಷ್ಟನ್ನು ಕೇಳಿದಿರಿ. ಇದಕ್ಕೆ ದಾನ ಎನ್ನಬಹುದಲ್ಲ, ದಾಸೋಹ ಎಂದು ಯಾಕೆ ಕರೆಯಬೇಕು ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು.

ವ್ಯತ್ಯಾಸ ದೊಡ್ಡದು. ದಾನ ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ‘ದಾಸೋಹಂ’ ಎಂದರೆ ನಾನು ದಾಸ ಎಂದು ಅರ್ಥ. 12ನೇ ಶತಮಾನದ ಶರಣರು ಈ ಮಾತಿಗೆ ಜೀವ ತುಂಬಿದರು. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಬಾಗಿಲು ಬಂದವರಿಗೆಲ್ಲ ತೆರೆದಿತ್ತು. ದುಡಿದು ಗಳಿಸುವುದು ಕಾಯಕ, ಗಳಿಸಿದ್ದನ್ನು ಸಮಾಜಕ್ಕೆ ಒಪ್ಪಿಸುವುದು ದಾಸೋಹ. ಬಡಿಸುವವನು ಉಣ್ಣುವವನಿಗೆ ಉಪಕಾರ ಮಾಡುತ್ತಿಲ್ಲ. ಉಣ್ಣುವವನೇ ಬಂದು ಇವನ ದುಡಿಮೆಯನ್ನು ಸಾರ್ಥಕ ಮಾಡುತ್ತಿದ್ದಾನೆ. ಸಿದ್ಧಗಂಗೆಯಲ್ಲಿ ಇದನ್ನು ತ್ರಿವಿಧ ದಾಸೋಹ ಎನ್ನುತ್ತಾರೆ. ಅನ್ನ, ಅಕ್ಷರ, ಆಶ್ರಯ. ಮೂರರಲ್ಲಿ ಮೊದಲು ನಿಂತಿರುವುದು ಅನ್ನ.

ಪುಸ್ತಕದಲ್ಲಿ ಓದಿದಾಗ ಇದು ತತ್ತ್ವದಂತೆ ಕೇಳಿಸುತ್ತದೆ. ಹಸಿದ ಮಗುವಿನ ಕಡೆಯಿಂದ ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಬೇಡಿ ಉಂಡ ಅನ್ನವನ್ನು ಮಗು ಮರೆಯಲು ನೋಡುತ್ತದೆ. ಮರ್ಯಾದೆಯಿಂದ ಬಡಿಸಿದ್ದನ್ನು ಜೀವಮಾನವೆಲ್ಲ ನೆನೆಯುತ್ತದೆ. ಮಠದ ಹಳೆಯ ವಿದ್ಯಾರ್ಥಿಗಳು ಕರ್ನಾಟಕದ ಎಲ್ಲ ಕಡೆ ಇದ್ದಾರೆ. ಮೇಷ್ಟ್ರುಗಳಿದ್ದಾರೆ, ಇಂಜಿನಿಯರುಗಳಿದ್ದಾರೆ, ವ್ಯವಸಾಯ ಮಾಡಿಕೊಂಡು ಇರುವವರಿದ್ದಾರೆ. ನಾವು ಮಠದ ಅನ್ನ ಉಂಡವರು ಎಂದು ತಲೆಯೆತ್ತಿ ಹೇಳಿಕೊಳ್ಳುತ್ತಾರೆ.

ಇನ್ನು ಅಕ್ಷರ ಮತ್ತು ಆಶ್ರಯದ ಮಾತು. ಇಲ್ಲಿ ಸ್ವಲ್ಪ ಬೇಗ ನಡೆಯೋಣ. ಸಿದ್ಧಗಂಗಾ ವಿದ್ಯಾಸಂಸ್ಥೆಯ ಅಡಿಯಲ್ಲಿ ಇಂದು ಸುಮಾರು 125 ಶಾಲೆ, ಕಾಲೇಜುಗಳಿವೆ. ಶಿಶುವಿಹಾರದಿಂದ ಹಿಡಿದು ಶಿಕ್ಷಕರ ತರಬೇತಿಯವರೆಗೆ. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯ 1963ರಲ್ಲಿ ಆರಂಭವಾಯಿತು. ಕಣ್ಣು ಕಾಣದ ಮಕ್ಕಳಿಗಾಗಿ ಪ್ರತ್ಯೇಕ ಶಾಲೆಯಿದೆ. ಬಹಳಷ್ಟು ಶಾಲೆಗಳು ಇರುವುದು ನಗರಗಳಲ್ಲಲ್ಲ, ಹಳ್ಳಿಗಳಲ್ಲಿ.

ಈ ಸಂಖ್ಯೆಗಳ ನಡುವೆ ಒಂದು ಮಗುವನ್ನು ಹತ್ತಿರದಿಂದ ನೋಡಬೇಕು. ಬೇಸಿಗೆ ರಜೆ ಮುಗಿಯುವ ಸಮಯ. ಮಠದ ಅಂಗಳದಲ್ಲಿ ಅಪ್ಪ ಅಮ್ಮಂದಿರ ಸಾಲು. ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಯಿಂದ ರಾತ್ರಿಯೆಲ್ಲ ರೈಲಿನಲ್ಲಿ ಬಸ್ಸಿನಲ್ಲಿ ಕುಳಿತು ಬಂದವರೂ ಅದರಲ್ಲಿದ್ದಾರೆ. ಅವರಲ್ಲಿ ಗುಳೆ ಹೋಗುವವರಿದ್ದಾರೆ. ಊರಿನಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ ಬೆಂಗಳೂರಿಗೋ ಮುಂಬಯಿಗೋ ಪುಣೆಗೋ ಹೋಗಿ ಕಟ್ಟಡದ ಕೆಲಸ ಮಾಡುವವರು. ಅಲ್ಲಿ ತಗಡಿನ ಶೆಡ್ಡಿನಲ್ಲಿ ಮಗುವನ್ನು ಇಟ್ಟುಕೊಂಡರೆ ಶಾಲೆ ತಪ್ಪುತ್ತದೆ. ಊರಿನಲ್ಲಿ ಬಿಟ್ಟರೆ ಊಟ ತಪ್ಪುತ್ತದೆ. ಹುಡುಗನ ಪಕ್ಕದಲ್ಲಿ ಒಂದು ತಗಡಿನ ಟ್ರಂಕು. ಟ್ರಂಕಿನಲ್ಲಿ ಎರಡು ಜೊತೆ ಬಟ್ಟೆ, ಒಂದು ಹೊದಿಕೆ, ಒಂದು ತಟ್ಟೆ, ಒಂದು ಲೋಟ. ಅಮ್ಮ ಸೆರಗಿನಲ್ಲಿ ಅವನ ಮುಖ ಒರೆಸುತ್ತಾಳೆ. ಅವನು ತಪ್ಪಿಸಿಕೊಳ್ಳುತ್ತಾನೆ. ಅತ್ತರೆ ಬೇರೆ ಹುಡುಗರು ನೋಡುತ್ತಾರೆ ಎಂಬ ಸಂಕೋಚ.

ಮಧ್ಯಾಹ್ನ ಊಟದ ಗಂಟೆ ಹೊಡೆಯುತ್ತದೆ. ಮೊದಲ ಬಾರಿಗೆ ಅವನು ಅಷ್ಟು ದೊಡ್ಡ ಪಂಕ್ತಿಯಲ್ಲಿ ಕೂರುತ್ತಾನೆ. ಎಡಗಡೆಯವನು ಯಾವ ಊರಿನವನೋ, ಬಲಗಡೆಯವನು ಯಾವ ಜನವೋ ಗೊತ್ತಿಲ್ಲ. ತಟ್ಟೆಯ ಮೇಲೆ ತಟ್ಟೆ ತಾಗುವ ಸದ್ದು, ಬಕೆಟ್ಟಿನ ಹಿಡಿಯ ಸದ್ದು. ಬಿಸಿ ಮುದ್ದೆ ತಟ್ಟೆಗೆ ಬೀಳುತ್ತದೆ. ಉತ್ತರದ ಕಡೆಯ ಹುಡುಗ, ಜೋಳದ ರೊಟ್ಟಿ ತಿಂದು ಬೆಳೆದವನು. ಮುದ್ದೆಯನ್ನು ಅಗಿಯಬೇಕೋ ನುಂಗಬೇಕೋ ತಿಳಿಯುವುದಿಲ್ಲ. ಪಕ್ಕದ ಹುಡುಗ ಬೆರಳಿನಲ್ಲಿ ಮುರಿದು, ಸಾರಿನಲ್ಲಿ ಅದ್ದಿ, ಹೀಗೆ ಎಂದು ತೋರಿಸುತ್ತಾನೆ. ಮಠದಲ್ಲಿ ಅವನ ಮೊದಲ ಪಾಠ ಅಲ್ಲಿಗೆ ಆಯಿತು.

ದೊಡ್ಡ ಅಡುಗೆಯಲ್ಲಿ ಮುದ್ದೆ ತೊಳಸುವುದು ಸುಲಭದ ಕೆಲಸವಲ್ಲ. ಎಸರು ಕುದಿಯಬೇಕು. ಹಿಟ್ಟು ಒಂದೇ ಹದದಲ್ಲಿ ಬೀಳಬೇಕು. ಗಂಟಾಗದಂತೆ ಉದ್ದನೆಯ ಕೋಲು ಹಿಡಿದು ಇಬ್ಬರು ಎದುರುಬದುರು ನಿಂತು ತಿರುವಬೇಕು. ತೋಳು ಸೋಲುತ್ತದೆ, ಹೊಗೆಗೆ ಕಣ್ಣು ಉರಿಯುತ್ತದೆ. ನೂರಾರು ಸಲ ಮಾಡಿದವರಿಗೂ ಹದ ತಪ್ಪುವ ಭಯ ಇದ್ದೇ ಇರುತ್ತದೆ. ಮಠದ ಚರಿತ್ರೆ ಬರೆಯುವವರು ಸ್ವಾಮಿಗಳ ಹೆಸರು ಬರೆಯುತ್ತಾರೆ, ದಾನಿಗಳ ಹೆಸರು ಬರೆಯುತ್ತಾರೆ. ಈ ಕೋಲು ಹಿಡಿದವರಿಗೂ ಅದರಲ್ಲಿ ಒಂದು ಪುಟ ಸಲ್ಲಬೇಕು.

ಶಿವಕುಮಾರ ಸ್ವಾಮಿಗಳ ದಿನಚರಿಯಲ್ಲೂ ಈ ಮಕ್ಕಳೇ ನಡುವೆ ಇದ್ದರು. ಬೆಳಗಿನ ಜಾವ ಎರಡು ಗಂಟೆ ದಾಟುತ್ತಿದ್ದಂತೆ ಏಳುವುದು, ಇಷ್ಟಲಿಂಗ ಪೂಜೆ, ಆಮೇಲೆ ಮಕ್ಕಳೊಂದಿಗೆ ಪ್ರಾರ್ಥನೆ. ನೂರು ವರ್ಷ ದಾಟಿದ ಮೇಲೂ ಬಯಲಿನಲ್ಲಿ ಸಾವಿರಾರು ಮಕ್ಕಳು ಸಾಲಾಗಿ ಕುಳಿತಾಗ ಅವರು ಎದುರಿಗೆ ಇರುತ್ತಿದ್ದರು. ಅವರ ಸ್ವಂತ ಊಟ ಹಿಡಿಯಷ್ಟು. ಜನ ಅವರನ್ನು ನಡೆದಾಡುವ ದೇವರು ಎಂದರು. 2007ರಲ್ಲಿ ರಾಜ್ಯ ಸರ್ಕಾರ ಕರ್ನಾಟಕ ರತ್ನ ಕೊಟ್ಟಿತು. 2015ರಲ್ಲಿ ಕೇಂದ್ರ ಸರ್ಕಾರ ಪದ್ಮಭೂಷಣ ಕೊಟ್ಟಿತು.

ದಾಸೋಹ ಎಂಬ ಮಾತು ಮಠದ ಗೋಡೆ ದಾಟಿ ಹೊರಗೂ ಬಂದಿದೆ. ನಮ್ಮ ರಾಜ್ಯದ ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟ 2002ರಲ್ಲಿ ಮೊದಲಿಗೆ ಈಶಾನ್ಯದ ಜಿಲ್ಲೆಗಳಲ್ಲಿ ಶುರುವಾಯಿತು. ಅದಕ್ಕೆ ಇಟ್ಟ ಹೆಸರು ಅಕ್ಷರ ದಾಸೋಹ. ಶರಣರ ಕಾಲದ ಪದವೊಂದು ಸರ್ಕಾರಿ ಶಾಲೆಯ ಅಡುಗೆಕೋಣೆಯ ಮೇಲೆ ಬಂದು ಕೂತಿತು. ಇದು ಸಣ್ಣ ಸಂಗತಿಯಲ್ಲ. ಕನ್ನಡಿಗರಿಗೆ ಮಗುವಿನ ಊಟದ ಮಾತು ಬಂದಾಗ ಬಾಯಿಗೆ ಬರುವ ಪದ ಇದೇ.

ಒಲೆಯ ಕತೆ ಕೇಳಿದಿರಿ. ಹುಡುಗ ಶಿವಣ್ಣನ ಕತೆ, ರಾಗಿಯ ಲೆಕ್ಕ, ಟ್ರಂಕು ಹೊತ್ತು ಬಂದ ಮಗುವಿನ ಮೊದಲ ಮುದ್ದೆ, ಎಲ್ಲವನ್ನೂ ಕೇಳಿದಿರಿ. ಇನ್ನು ಉಳಿದಿರುವುದು ಒಂದು ದಿನದ ಮಾತು.

2019ರ ಜನವರಿ 21. ಸೋಮವಾರ. ಸ್ವಾಮಿಗಳಿಗೆ ಆಗ 111 ವರ್ಷ. ಕೆಲವು ವಾರಗಳಿಂದ ಆರೋಗ್ಯ ಕೆಟ್ಟಿತ್ತು. ಬೆಳಿಗ್ಗೆ 11 ಗಂಟೆ 44 ನಿಮಿಷಕ್ಕೆ ಉಸಿರು ನಿಂತಿತು. ನಾಡೆಲ್ಲ ಕಿವಿ ನಿಮಿರಿಸಿಕೊಂಡು ಕಾಯುತ್ತಿತ್ತು. ಆದರೆ ಸುದ್ದಿ ಕೂಡಲೇ ಹೊರಗೆ ಬರಲಿಲ್ಲ. ಅದು ಮಕ್ಕಳ ಊಟದ ಹೊತ್ತಿಗೆ ಹತ್ತಿರ. ತಮ್ಮ ಸಾವಿನ ಸುದ್ದಿಯಿಂದ ಮಕ್ಕಳು ಉಪವಾಸ ಬೀಳಬಾರದು, ಅವರ ಊಟವಾದ ಮೇಲೆಯೇ ತಿಳಿಸಬೇಕು ಎಂಬುದು ಸ್ವಾಮಿಗಳ ಇಚ್ಛೆಯಾಗಿತ್ತು. ಅದರಂತೆಯೇ ಆಯಿತು. ಗಂಟೆ ಹೊಡೆಯಿತು, ಮಕ್ಕಳು ಪಂಕ್ತಿಯಲ್ಲಿ ಕೂತರು, ಬಡಿಸುವವರು ಬಡಿಸಿದರು. ಕೈ ತೊಳೆದು ಬಂದ ಮೇಲೆ ಅವರಿಗೆ ಗೊತ್ತಾಯಿತು, ಬುದ್ಧಿಯವರು ಇನ್ನಿಲ್ಲ ಎಂದು.

ಅಂದು ಬಡಿಸಿದವರಲ್ಲಿ ವಿಷಯ ತಿಳಿದವರು ಯಾರಾದರೂ ಇದ್ದಿದ್ದರೆ ಅವರ ಪಾಡೇನು? ಬಕೆಟ್ಟು ಹಿಡಿದ ಕೈ ನಡುಗದಂತೆ, ಕಣ್ಣು ತುಂಬದಂತೆ, ಇನ್ನೊಂದು ಸೌಟು ಹಾಕಲಾ ಮಗು ಎಂದು ಕೇಳಬೇಕು. ಅದಕ್ಕಿಂತ ದೊಡ್ಡ ಪೂಜೆಯನ್ನು ಆ ದಿನ ಯಾರೂ ಮಾಡಿರಲಾರರು.

ಮರುದಿನ ಲಕ್ಷಗಟ್ಟಲೆ ಜನ ಬಂದರು. ಬೆಂಗಳೂರಿನ ರಸ್ತೆ, ಶಿರಾದ ರಸ್ತೆ, ಗುಬ್ಬಿಯ ರಸ್ತೆ, ಎಲ್ಲ ಕಡೆಯಿಂದಲೂ. ಸಕಲ ಸರ್ಕಾರಿ ಗೌರವದೊಂದಿಗೆ ಮಠದ ಆವರಣದಲ್ಲೇ ಕ್ರಿಯಾಸಮಾಧಿ ಆಯಿತು. ಬಂದವರಿಗೆಲ್ಲ ಪ್ರಸಾದದ ವ್ಯವಸ್ಥೆ ಇತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎನ್ನುವುದು ನಮ್ಮ ಹಳ್ಳಿಗಳ ವಾಡಿಕೆ. ಆ ಮನೆಯಲ್ಲಿ ಒಲೆ ಆರಲಿಲ್ಲ. ಅಳುತ್ತ ಬಂದವರು ಉಂಡು ಹೋದರು. ಎರಡು ವರ್ಷದ ನಂತರ ರಾಜ್ಯ ಸರ್ಕಾರ ಜನವರಿ 21ನ್ನು ದಾಸೋಹ ದಿನ ಎಂದು ಘೋಷಿಸಿತು.

ಮಠದ ಹೊಣೆ ಈಗ ಸಿದ್ಧಲಿಂಗ ಸ್ವಾಮಿಗಳ ಮೇಲಿದೆ. ಗಂಟೆ, ಪಂಕ್ತಿ, ಪ್ರಾರ್ಥನೆ, ಯಾವುದೂ ನಿಂತಿಲ್ಲ. ರಾಗಿಯ ಮೂಟೆ ಈಗಲೂ ಬರುತ್ತಿದೆ.

ಕೇಳುಗರೇ, ಈ ಮಾತು ನಿಮ್ಮ ಕಿವಿಗೆ ಬೀಳುತ್ತಿರುವ ಸಂಜೆ ಹೊತ್ತಿನಲ್ಲಿ ಸಿದ್ಧಗಂಗೆಯ ಬಯಲಿನಲ್ಲಿ ಮಕ್ಕಳು ಸಾಲಾಗಿ ಕುಳಿತಿರುತ್ತಾರೆ. ಪ್ರಾರ್ಥನೆ ನಡೆಯುತ್ತಿರುತ್ತದೆ. ಅದು ಮುಗಿದ ಮೇಲೆ ಓದು, ಓದು ಮುಗಿದ ಮೇಲೆ ಊಟ. ಈ ವರ್ಷ ಸೇರಿದ ಹುಡುಗನೊಬ್ಬ ತನ್ನ ಟ್ರಂಕಿನ ಮುಚ್ಚಳ ತೆರೆಯುತ್ತಾನೆ. ತಟ್ಟೆ ತೆಗೆದುಕೊಳ್ಳುತ್ತಾನೆ. ಅಂಗಿಯ ಚುಂಗಿನಿಂದ ಅದನ್ನು ಒರೆಸಿಕೊಂಡು, ಓಡುತ್ತಾ ಹೋಗಿ ಸಾಲಿನಲ್ಲಿ ನಿಲ್ಲುತ್ತಾನೆ. ಒಳಗೆ ಎಸರು ಕುದಿಯುತ್ತಿದೆ.